ಸುಟ್ಟರೂ ಬದಲಾಗದ ಲಂಡನ್ನಿನ ಬೀದಿಗಳು

ಲಂಡನ್ನಿಗೆ ಮೊದಲ ಸಲ ಬಂದವರು ಸೇಂಟ್ ಪಾಲ್ ಕೆಥೆಡ್ರಲ್ಲಿನ ಸುತ್ತಮುತ್ತಲ ಗಲ್ಲಿಗಳಲ್ಲಿ ದಾರಿ ತಪ್ಪಿದರೆ, ಅದಕ್ಕೆ ಕಾರಣ ಯೋಜನೆಯ ಕೊರತೆಯಲ್ಲ, ಜನರ ನಿವೇಶನದ ಹಕ್ಕು. 1666ರ ಸೆಪ್ಟೆಂಬರ್‌ನ ಬೆಂಕಿ ಸುಮಾರು 13,200 ಮನೆಗಳನ್ನು ನುಂಗಿತು. ಕೆಲವೇ ದಿನಗಳಲ್ಲಿ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ನೇರ, ಅಗಲ ಬೀದಿಗಳ ನಕ್ಷೆಯನ್ನು ದೊರೆ ಎರಡನೇ ಚಾರ್ಲ್ಸನ ಮುಂದಿಟ್ಟ. ಆದರೆ ಸುಟ್ಟ ನೆಲಕ್ಕೆಲ್ಲ ಒಡೆಯರಿದ್ದರು. ಅಷ್ಟೂ ಜನರಿಗೆ ಪರಿಹಾರ ಕೊಡಲು ಹಣವಿರಲಿಲ್ಲ, ಸೂರು ಕಳೆದುಕೊಂಡವರಿಗೆ ಕಾಯುವ ವ್ಯವಧಾನವೂ ಇರಲಿಲ್ಲ. ಹಾಗಾಗಿ ಬ್ರೆಡ್ ಸ್ಟ್ರೀಟ್, ಮಿಲ್ಕ್ ಸ್ಟ್ರೀಟ್‌ಗಳು ಇದ್ದಲ್ಲೇ ಮತ್ತೆ ಎದ್ದವು.

ಗಿಲ್ಡ್‌ಹಾಲ್‌ನಿಂದ ನದಿಯತ್ತ ಇಳಿಯುವ ಕಿಂಗ್ ಸ್ಟ್ರೀಟ್, ಕ್ವೀನ್ ಸ್ಟ್ರೀಟ್‌ಗಳು ಆಗ ಹೊಸದಾಗಿ ಬಂದವಲ್ಲವೇ ಎಂದು ಆಕ್ಷೇಪಿಸಬಹುದು. ನಿಜ, ಆದರೆ ಅವು ಅಪವಾದ. ಅಂದದ ನಕ್ಷೆ ಕೈತಪ್ಪಿತೆಂದು ಮರುಗುವವರ ಮಾತನ್ನು ನಾನು ಒಪ್ಪಲಾರೆ. ಏಕೆಂದರೆ ನಕ್ಷೆಯ ಬದಲು ಜನರ ಹಕ್ಕಿಗೆ ಬೆಲೆ ಸಿಕ್ಕಿತು: ಒಡೆಯ, ಬಾಡಿಗೆದಾರರ ಜಗಳ ಬಗೆಹರಿಸಲೆಂದೇ ವಿಶೇಷ ನ್ಯಾಯಾಲಯ ಕೂತಿತು; ಅಳತೆಗಾರರು ನಿವೇಶನ ನಿವೇಶನಕ್ಕೂ ಗೂಟ ಹೊಡೆದು ಗಡಿ ಗುರುತಿಸಿದರು.