ಹವ್ಯಾಸಿಗಳ ನಿಸ್ತಂತು ಯಂತ್ರ

ನಮ್ಮ ನಾಡಿನ ರೇಡಿಯೋ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ನಿಲಯಗಳ ಚರಿತ್ರೆಯನ್ನೇ ಬರೆಯುವರು. ಯಾವ ಊರಿನಲ್ಲಿ ಯಾವ ವರ್ಷ ಪ್ರಸಾರಗೋಪುರವು ಎದ್ದಿತು, ಯಾವ ಅಧಿಕಾರಿಗಳು ಅದನ್ನು ಉದ್ಘಾಟಿಸಿದರು, ಎಷ್ಟು ಕಿಲೋವಾಟಿನ ಯಂತ್ರವು ಬಂದಿತು ಎಂಬಿವೇ ಅದರಲ್ಲಿ ಮುಖ್ಯ. ಆದರೆ ಇದರ ಜೊತೆಯಲ್ಲಿಯೇ ಇನ್ನೊಂದು ಚರಿತ್ರೆಯೂ ಉಂಟು. ಸರಕಾರದ ಸಂಬಳವಿಲ್ಲದೆ, ಲಾಭದ ಆಸೆಯಿಲ್ಲದೆ, ತಮ್ಮ ಮನೆಯ ಒಂದು ಮೂಲೆಯಲ್ಲಿ ತಂತಿಯನ್ನು ಸುತ್ತಿ, ಬೆಸುಗೆ ಹಾಕಿ, ತಾವೇ ಕಟ್ಟಿದ ಯಂತ್ರದಿಂದ ಕಾಣದ ಊರಿನವರೊಡನೆ ಮಾತನಾಡಿದವರ ಚರಿತ್ರೆ ಅದು. ಇವರಿಗೆ ಹವ್ಯಾಸಿಗಳೆಂದೂ ಹ್ಯಾಮ್‌ಗಳೆಂದೂ ಹೆಸರು. ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನು ಓದಿ, ಮಕ್ಕಳಿಗೆ ಶಬ್ದರೂಪಗಳನ್ನು ಹೇಳಿಕೊಡುತ್ತ ಆಯುಸ್ಸನ್ನು ಕಳೆದ ನನಗೆ ಈ ವಿಷಯದಲ್ಲಿ ಅಧಿಕಾರವೆಲ್ಲಿಯದೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣವನ್ನು ಮುಂದೆ ಹೇಳುವೆನು.

ಹಿಂದೂದೇಶದಲ್ಲಿ ಪರವಾನಗಿ ಪಡೆದ ಮೊದಲ ಹವ್ಯಾಸಿ ಕಲ್ಕತ್ತೆಯ ಅಮರೇಂದ್ರ ಚಂದ್ರ ಗುಪ್ತ. ೧೯೨೧ರಲ್ಲಿ ಆತನಿಗೆ ಪರವಾನಗಿ ದೊರೆಯಿತು. ಅದೇ ವರ್ಷ ಮುಕುಲ್ ಬೋಸರೂ ಈ ವಿದ್ಯೆಗೆ ಇಳಿದುದರಿಂದ, ಹೇಳುವವನೊಬ್ಬ ಕೇಳುವವನೊಬ್ಬ ಎಂದಾಗಿ ಸಂಭಾಷಣೆಯು ಸಾಧ್ಯವಾಯಿತು. ನಮ್ಮ ಸೀಮೆಯಲ್ಲಿ ಇದಕ್ಕೆ ಸಮೀಪವಾದ ಸಾಹಸವೆಂದರೆ ಮೈಸೂರಿನದು. ೧೯೩೫ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರರಾದ ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಾದ ವಿಠ್ಠಲ ವಿಹಾರದಿಂದಲೇ ಪ್ರಸಾರವನ್ನು ಆರಂಭಿಸಿದರು. ಯಂತ್ರದ ಶಕ್ತಿ ಅತ್ಯಲ್ಪ, ಉತ್ಸಾಹವು ಅನಲ್ಪ. ಮನಸ್ಸನ್ನು ಕುರಿತು ಪಾಠ ಹೇಳುವವರೊಬ್ಬರು ಮನೆಯ ಕೋಣೆಯಲ್ಲಿ ಇಂಥದನ್ನು ನಡೆಸಿದರೆಂಬುದು ಯಂತ್ರವಿದ್ಯೆಯು ಯಂತ್ರಜ್ಞರೊಬ್ಬರದೇ ಸ್ವತ್ತಲ್ಲವೆಂಬುದಕ್ಕೆ ಸಾಕ್ಷಿ. ಆ ನಿಲಯಕ್ಕಿಟ್ಟ 'ಆಕಾಶವಾಣಿ' ಎಂಬ ಹೆಸರೇ ಮುಂದೆ ೧೯೫೭ರಲ್ಲಿ ಇಡೀ ದೇಶದ ಪ್ರಸಾರ ಸಂಸ್ಥೆಗೆ ಅಧಿಕೃತ ನಾಮವಾಯಿತು.

ಇಲ್ಲಿ ಒಂದು ಮಾತು. ನಮ್ಮ ನಾಟ್ಯಶಾಸ್ತ್ರದಲ್ಲಿ 'ಆಕಾಶಭಾಷಿತ'ವೆಂಬುದೊಂದು ಇದೆ. ರಂಗದ ಮೇಲೆ ಒಬ್ಬನೇ ಪಾತ್ರಧಾರಿ ಕಾಣದ ವ್ಯಕ್ತಿಯೊಡನೆ ಮಾತನಾಡುವನು, 'ಏನೆನ್ನುವೆ?' ಎಂದು ತಾನೇ ಕೇಳಿ, ಬಂದ ಉತ್ತರವನ್ನೂ ತಾನೇ ಅನುವದಿಸುವನು. ಭಾಣವೆಂಬ ರೂಪಕವು ಮೊದಲಿನಿಂದ ಕಡೆಯವರೆಗೂ ಇದರಿಂದಲೇ ನಡೆಯುವುದು. ಪ್ರಸಾರನಿಲಯವು ಹೇಳುವುದೇ ಹೊರತು ಕೇಳುವುದಿಲ್ಲವಾದ್ದರಿಂದ ಅದನ್ನು ಭಾಣಕ್ಕೆ ಹೋಲಿಸಬಹುದು. ಹವ್ಯಾಸಿಯ ಯಂತ್ರವಾದರೋ ಹೇಳಲೂ ಬೇಕು, ಕೇಳಲೂ ಬೇಕು. ಅದರ ಕಷ್ಟವೆಲ್ಲ ಇರುವುದು ಅಲ್ಲಿಯೇ.

೧೯೩೯ರಲ್ಲಿ ಯುದ್ಧವು ಪ್ರಾರಂಭವಾದೊಡನೆ ಹೊಸ ಪರವಾನಗಿಗಳು ನಿಂತವು. ಹವ್ಯಾಸಿಗಳು ತಮ್ಮ ಪ್ರೇಷಕ ಯಂತ್ರಗಳನ್ನು ಪೋಲೀಸರಿಗೆ ಒಪ್ಪಿಸಬೇಕೆಂದು ಅಪ್ಪಣೆಯಾಯಿತು. ಸ್ವಾತಂತ್ರ್ಯಾನಂತರ, ೧೯೪೮ರಲ್ಲಿ, ಮ್ಹೌ ಎಂಬಲ್ಲಿ ಅಖಿಲ ಭಾರತದ ಹವ್ಯಾಸಿಗಳ ಸಂಘವೊಂದು ಹುಟ್ಟಿತು. ಬೆಂಗಳೂರಿನ ಹವ್ಯಾಸಿಗಳ ಕ್ಲಬ್ಬು ೧೯೫೯ರದು. ಅಷ್ಟರಲ್ಲಿ, ೧೯೫೪ರಲ್ಲಿ, ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ಸ್ಥಾಪಿತವಾಗಿದ್ದಿತು; ಮುಂದೆ ಅಲ್ಲಿ ವಾಲ್ವುಗಳೂ ಟ್ರಾನ್ಸಿಸ್ಟರುಗಳೂ ತಯಾರಾಗತೊಡಗಿದವು. ಆದರೂ ಹೊರದೇಶದ ಸಿದ್ಧಯಂತ್ರವನ್ನು ತರಿಸುವುದು ಸಾಮಾನ್ಯ ಗೃಹಸ್ಥನಿಗೆ ಸಾಧ್ಯವಿರಲಿಲ್ಲ. ಸುಂಕವು ಹೆಚ್ಚು, ಅನುಮತಿ ದುರ್ಲಭ. ಆದ್ದರಿಂದ ಸೈನ್ಯದವರು ಮಾರಿದ ಹಳೆಯ ಸಾಮಾನು, ಕೆಟ್ಟ ರೇಡಿಯೋಗಳ ಒಡಲು, ಗುಜರಿಯ ಅಂಗಡಿ, ಇವೇ ಅವರ ಆಕರಗಳು. ೮೦೭ ಎಂಬ ಸಂಖ್ಯೆಯ ವಾಲ್ವೊಂದು ದೊರೆತರೆ ಪ್ರೇಷಕದ ಅರ್ಧಭಾಗವು ಆಯಿತೆಂದೇ ಎಣಿಕೆ. ಅಲ್ಯೂಮಿನಿಯಮ್ ತಗಡನ್ನು ತಾವೇ ಕತ್ತರಿಸಿ ಬಾಗಿಸಿ, ಕೇಳುವುದಕ್ಕೊಂದು ಪೆಟ್ಟಿಗೆ, ಹೇಳುವುದಕ್ಕೊಂದು ಪೆಟ್ಟಿಗೆ ಎಂದು ಎರಡನ್ನು ಕಟ್ಟುತ್ತಿದ್ದರು. ೧೯೮೪ರ ಸುಮಾರಿಗೆ ಆಮದಿನ ಸುಂಕವು ಹೋದ ಮೇಲೆ ಜಪಾನಿನ ಸಿದ್ಧಯಂತ್ರಗಳು ಬಂದವು. ಯಂತ್ರಗಳು ಉತ್ತಮವಾದವೇ, ಆದರೆ ಅವುಗಳ ಮುಚ್ಚಳವನ್ನು ತೆರೆಯುವ ಧೈರ್ಯವುಳ್ಳವರು ವಿರಳರಾದರು.

ಹೀಗಿರಲಾಗಿ, ೨೦೦೩ರಲ್ಲಿ ಹೈದರಾಬಾದಿನ ಅಷ್ಹರ್ ಫರ್ಹಾನ್ ಎಂಬವರು ಒಂದು ಯಂತ್ರದ ನಕ್ಷೆಯನ್ನು ಯಾರು ಬೇಕಾದರೂ ಕಟ್ಟಿಕೊಳ್ಳಬಹುದೆಂದು ಪ್ರಕಟಿಸಿದರು. ಅದಕ್ಕೆ ಬಿಟ್‌ಎಕ್ಸ್ ೨೦ ಎಂದು ಹೆಸರು. ಇಪ್ಪತ್ತು ಮೀಟರ್ ಅಲೆಯುದ್ದದಲ್ಲಿ, ಎಂದರೆ ಸೆಕೆಂಡಿಗೆ ಒಂದು ಕೋಟಿ ನಲವತ್ತು ಲಕ್ಷ ಸಲ ಕಂಪಿಸುವ ೧೪ ಮೆಗಾಹರ್ಟ್ಸ್ ಅಲೆಯಲ್ಲಿ, ಸುಮಾರು ಆರು ವಾಟಿನ ಶಕ್ತಿಯಿಂದ ಅದು ಮಾತನಾಡುವುದು. ಈ ಶಕ್ತಿಯು ಮನೆಯ ಸಣ್ಣದೊಂದು ದೀಪಕ್ಕೆ ಸಾಕಾಗುವಷ್ಟು ಮಾತ್ರ. ಆದರೂ ವಾತಾವರಣವು ಅನುಕೂಲವಾಗಿದ್ದರೆ ಸಾವಿರಾರು ಮೈಲಿಗಳನ್ನು ದಾಟುವುದು.

ಅದರ ಚಮತ್ಕಾರವನ್ನು ಸ್ವಲ್ಪ ವಿವರಿಸಬೇಕು. ಎರಡು ಕಂಪನಗಳನ್ನು ಒಂದೆಡೆ ಬೆರೆಸಿದರೆ ಅವುಗಳ ಮೊತ್ತವೂ ವ್ಯತ್ಯಾಸವೂ ಹುಟ್ಟುವುವು. ಆಕಾಶದಿಂದ ಬಂದ ೧೪ರೊಡನೆ ಯಂತ್ರದೊಳಗೇ ಹುಟ್ಟಿಸಿದ ೪ನ್ನು ಬೆರೆಸಿದರೆ ೧೦ ಬರುವುದು. ಈ ೧೦ನ್ನು ಸ್ಫಟಿಕಗಳ ಸಾಲಿನ ಮೂಲಕ ಹಾಯಿಸಿದರೆ, ಒಬ್ಬನ ಧ್ವನಿಯು ಹಿಡಿಯುವಷ್ಟು ಇಕ್ಕಟ್ಟಾದ ಬಾಗಿಲಿನಲ್ಲಿ ನುಸುಳಿ, ಪಕ್ಕದ ಮಾತುಗಳೆಲ್ಲ ಹೊರಗೇ ಉಳಿಯುವುವು. ಅನಂತರ ಮತ್ತೊಂದು ೧೦ರೊಡನೆ ಬೆರೆಸಿದರೆ ಉಳಿಯುವ ಅಲ್ಪ ವ್ಯತ್ಯಾಸವೇ ಮನುಷ್ಯನ ಧ್ವನಿ. ಮಾತನಾಡುವಾಗ ಇದೇ ದಾರಿಯಲ್ಲಿ ಹಿಮ್ಮುಖವಾಗಿ ನಡೆಯಬೇಕು. ಆದರೆ ಧ್ವನಿಯನ್ನು ವರ್ಧಿಸುವ ಅಂಗಗಳು ಒಂದೇ ದಿಕ್ಕಿನಲ್ಲಿ ಕೆಲಸಮಾಡುವುವು. ಆದ್ದರಿಂದಲೇ ಹಿಂದಿನವರು ಎರಡು ಪೆಟ್ಟಿಗೆಗಳನ್ನು ಕಟ್ಟಿದುದು. ಫರ್ಹಾನರು ಒಂದೊಂದು ಘಟ್ಟದಲ್ಲಿಯೂ ಟ್ರಾನ್ಸಿಸ್ಟರುಗಳನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿದರು. ಕೇಳುವಾಗ ಒಂದಕ್ಕೆ ವಿದ್ಯುತ್ತು, ಹೇಳುವಾಗ ಇನ್ನೊಂದಕ್ಕೆ. ಸ್ಫಟಿಕದ್ವಾರವು ಎರಡಕ್ಕೂ ಒಂದೇ. ಆ ಸ್ಫಟಿಕಗಳೋ ಗಣಕಯಂತ್ರಗಳ ಗಡಿಯಾರಕ್ಕೆಂದು ರಾಶಿರಾಶಿಯಾಗಿ ತಯಾರಾಗಿ ಅಗ್ಗವಾಗಿ ದೊರೆಯತಕ್ಕವು. ಕಡೆಯ ಘಟ್ಟದ ಐಆರ್‌ಎಫ್ ೫೧೦ ಎಂಬ ಟ್ರಾನ್ಸಿಸ್ಟರು ರೇಡಿಯೋಗಾಗಿ ಮಾಡಿದುದೇ ಅಲ್ಲ, ಸ್ವಿಚ್ಚಿನ ಕೆಲಸಕ್ಕೆ ಮಾಡಿದ್ದು. ಕಾಯಿಲ್ ಸುತ್ತಲು ತಕ್ಕ ಉಂಗುರ ಸಿಕ್ಕದಿದ್ದರೆ ನೀರಿನ ನಲ್ಲಿಯ ವಾಷರೂ ಆಗಬಹುದಾಗಿತ್ತು! ನಮ್ಮ ಬೀದಿಯ ಅಂಗಡಿಯಲ್ಲಿ ಸಿಕ್ಕುವುದರಿಂದಲೇ ಆಗಬೇಕೆಂಬ ಹಟವು ನನಗೆ ಬಹಳ ಹಿಡಿಸಿತು. ಬಲು ಬೇಗ ಈ ನಕ್ಷೆಯು ದೇಶದೇಶಗಳ ಹವ್ಯಾಸಿಗಳ ಮೇಜನ್ನು ಸೇರಿತು. ಬಿಡಿಭಾಗಗಳನ್ನೆಲ್ಲ ಒಂದು ಪೊಟ್ಟಣದಲ್ಲಿ ಕಟ್ಟಿ ಮಾರುವವರೂ ಹುಟ್ಟಿಕೊಂಡರು.

ನನ್ನ ಸಂಬಂಧವು ಇಲ್ಲಿಂದ ಪ್ರಾರಂಭ. ಜ್ಞಾನಭಾರತಿಯಲ್ಲಿರುವ ನಮ್ಮ ಮನೆಗೆ ಅಣ್ಣನ ಮಗನು ಅಂಥ ಪೊಟ್ಟಣವೊಂದನ್ನು ತಂದನು. ಪರೀಕ್ಷೆ ಕೊಟ್ಟು ಪರವಾನಗಿ ಪಡೆದವನು. ಕಡಮೆಬಿದ್ದ ಸಣ್ಣ ಸಾಮಾನುಗಳಿಗಾಗಿ ಸಾದರ ಪತ್ರಪ್ಪ ರಸ್ತೆಗೆ ಎರಡು ಸಲ ಹೋಗಿಬಂದನು. ರೆಸಿಸ್ಟರುಗಳ ಬಣ್ಣದ ಗೆರೆಗಳನ್ನು ಓದಿ ಬೆಲೆಗಳನ್ನು ಹೇಳುವ ಕೆಲಸ ನನ್ನದಾಯಿತು. ಬಣ್ಣಕ್ಕೊಂದು ಅಂಕಿಯೆಂಬ ಆ ಸಂಕೇತವು ಕಟಪಯಾದಿ ಸಂಖ್ಯೆಯನ್ನು ಬಲ್ಲವನಿಗೆ ಕಷ್ಟವಲ್ಲ. ಹದಿನೈದು ದಿನಗಳಲ್ಲಿ ಗ್ರಾಹಕದ ಭಾಗವು ಪೂರ್ತಿಯಾಯಿತು. ವಿದ್ಯುತ್ತನ್ನು ಕೊಟ್ಟನು. ಸ್ಪೀಕರಿನಲ್ಲಿ ಸಣ್ಣದೊಂದು ಭುಸ್ಸೆಂಬ ಶಬ್ದ; ಅದರಾಚೆ ಏನೂ ಇಲ್ಲ. ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದರೂ ಜಗತ್ತಿನಲ್ಲಿ ಒಬ್ಬನೂ ಮಾತನಾಡುತ್ತಿಲ್ಲ!

ಮೂರು ದಿನ ಅವನು ಊಟಕ್ಕೂ ಸರಿಯಾಗಿ ಬರಲಿಲ್ಲ. ಸಿದ್ಧಯಂತ್ರವನ್ನೇ ಕೊಂಡುಬಿಡುವೆನೆಂದು ಹೇಳಿದುದೂ ಉಂಟು. ಆಗ ನಾನು ಹೋಗಿ ಪಕ್ಕದಲ್ಲಿ ಕುಳಿತು, "ಇದರ ದೋಷವನ್ನು ಹುಡುಕುವ ಕ್ರಮವೇನಪ್ಪ?" ಎಂದು ಕೇಳಿದೆನು. "ಹಿಂದಿನಿಂದ ಮುಂದಕ್ಕೆ ಬರಬೇಕು ಚಿಕ್ಕಪ್ಪ. ಸ್ಪೀಕರಿನ ಕಡೆಯಿಂದ ಶುರುಮಾಡಿ ಆಂಟೆನಾದವರೆಗೆ, ಒಂದೊಂದು ಘಟ್ಟಕ್ಕೂ ಹೊರಗಿನಿಂದ ಶಬ್ದ ಕೊಟ್ಟು ನೋಡಬೇಕು" ಎಂದನು. ಇದು ನಮ್ಮ ತಾರ್ಕಿಕರ ಅನ್ವಯವ್ಯತಿರೇಕವಲ್ಲದೆ ಮತ್ತೇನು? ಇದು ಇದ್ದರೆ ಅದು ಇರುವುದು. ಇದು ಇಲ್ಲದಿದ್ದರೆ ಅದು ಇಲ್ಲದಿರುವುದು. ಹೊಗೆ ಬೆಂಕಿಗಳ ಉದಾಹರಣೆಯನ್ನು ಬಾಯಲ್ಲಿ ಹೇಳುತ್ತ ಬಂದವನಿಗೆ ಅದನ್ನು ಕೈಯಿಂದ ಮಾಡುವವನೊಬ್ಬನು ಆ ದಿನ ಕಂಡನು.

ಧ್ವನಿವರ್ಧಕದ ಬಾಯಿಗೆ ಸ್ಕ್ರೂಡ್ರೈವರಿನ ತುದಿಯನ್ನು ಮುಟ್ಟಿಸಿದನು, ಗುಂಯೆಂದಿತು. ಅಲ್ಲಿಯವರೆಗೆ ನಿರ್ದೋಷ. ೧೦ ಮೆಗಾಹರ್ಟ್ಸಿನ ಕಂಪನವು ಹುಟ್ಟುತ್ತಿದೆಯೇ? ಪಕ್ಕದಲ್ಲಿಟ್ಟ ಹಳೆಯ ಶಾರ್ಟ್‌ವೇವ್ ರೇಡಿಯೋದಲ್ಲಿ ಕೇಳಿಬಂದಿತು. ೪ರದೂ ಹಾಗೆಯೇ. ಆದರೆ ಇವೆರಡೂ ಇದ್ದರೂ ಬೆರಕೆಯು ಆಗುತ್ತಿಲ್ಲ. ಹಾಗಾದರೆ ದೋಷವು ಬೆರೆಸುವ ಸ್ಥಾನದಲ್ಲಿ ಇರಬೇಕು. ಅಲ್ಲಿ ಇರುವುದು ಫೆರೈಟ್ ಉಂಗುರವೊಂದಕ್ಕೆ ಸುತ್ತಿದ ಕಾಯಿಲ್. ಮೂರು ಎನಾಮಲ್ ತಂತಿಗಳನ್ನು ಜಡೆಯಂತೆ ಹೊಸೆದು ಒಟ್ಟಿಗೆ ಸುತ್ತಿದುದು. ಆರು ತುದಿಗಳು, ಎಲ್ಲವೂ ಒಂದೇ ಬಣ್ಣ. ಒಂದು ತಂತಿಯು ಸ್ವತಂತ್ರ. ಮಿಕ್ಕ ಎರಡರಲ್ಲಿ ಒಂದರ ಅಂತ್ಯವನ್ನು ಇನ್ನೊಂದರ ಆದಿಗೆ ಸೇರಿಸಬೇಕು. ಆದಿಯನ್ನು ಆದಿಗೆ ಸೇರಿಸಿದರೆ ಎರಡರ ಕೆಲಸವೂ ಪರಸ್ಪರ ವಿರುದ್ಧವಾಗಿ ಫಲವು ಶೂನ್ಯ.

"ಮೀಟರ್ ಹಿಡಿದು ನೋಡಿದ್ದೇನೆ ಚಿಕ್ಕಪ್ಪ, ಸರಿಯಾಗಿದೆ" ಎಂದನು. ಎನಾಮಲನ್ನು ಚೆನ್ನಾಗಿ ಕೆರೆದಿದ್ದನು, ಸಂಪರ್ಕವೂ ಇದ್ದಿತು. ಆದರೆ ಮೀಟರು ಹೇಳುವುದೇನು? ಈ ತುದಿಯೂ ಆ ತುದಿಯೂ ಒಂದೇ ತಂತಿಯವು ಎಂದಷ್ಟೆ. ಯಾವುದು ಪೂರ್ವ, ಯಾವುದು ಉತ್ತರ ಎಂಬುದನ್ನು ಅದು ಹೇಳಲಾರದು. ಪದಗಳೆಲ್ಲ ಶುದ್ಧವಾಗಿದ್ದೂ ಸಮಾಸದಲ್ಲಿ ಪೂರ್ವೋತ್ತರಗಳು ತಿರುಗುಮುರುಗಾದರೆ ಅರ್ಥವು ಕೆಡುವಂತೆ ಇದು. "ಇದರ ಮೊದಲು ಯಾವುದೋ? ಕಡೆ ಯಾವುದೋ?" ಎಂದು ನಾನು ಕೇಳಿದುದು ತಿಳಿವಳಿಕೆಯಿಂದಲ್ಲ, ತಿಳಿಯದೆ. ಅವನು ಸುಮ್ಮನಾದನು. ಬಳಿಕ ಭೂತಗನ್ನಡಿಯನ್ನು ತಂದು, ಉಂಗುರದ ಯಾವ ಮಗ್ಗುಲಿನಿಂದ ಯಾವ ತುದಿಯು ಹೊರಟಿದೆಯೆಂದು ನೋಡಿದನು. ಎರಡು ಆದಿಗಳು ಕೂಡಿಕೊಂಡಿದ್ದವು. ಬೆಸುಗೆಯನ್ನು ಬಿಚ್ಚಿ, ಸೊಸೆಯ ಉಗುರುಬಣ್ಣದಿಂದ ಆದಿಗಳಿಗೆ ಗುರುತಿಟ್ಟು, ಮತ್ತೆ ಜೋಡಿಸಿದನು.

ಸಾಯಂಕಾಲ ಐದು ಗಂಟೆ. ಗುಂಡಿಯನ್ನು ತಿರುಗಿಸುತ್ತಿದ್ದಂತೆ ಮೊದಲು ಬಾತುಕೋಳಿಯ ಕೂಗಿನಂಥ ಶಬ್ದ, ಅನಂತರ ಅದು ತಿಳಿಯಾಗಿ ಮನುಷ್ಯನ ಮಾತು. ಯೂರೋಪಿನ ಯಾವುದೋ ಭಾಷೆ. ನಮಗೆ ಒಂದು ಪದವೂ ಅರ್ಥವಾಗಲಿಲ್ಲ. ಮನೆಯವರೆಲ್ಲ ಅಡಿಗೆಮನೆಯಿಂದ ಬಂದು ನಿಂತು ಕೇಳಿದರು.

ಪ್ರೇಷಕದ ಭಾಗದಲ್ಲಿ ಫ್ಯೂಸು ಎರಡು ಸಲ ಹಾರಿತು. ಕಡೆಯ ಟ್ರಾನ್ಸಿಸ್ಟರಿನ ಬೆನ್ನಿನ ತಗಡಿಗೂ ಶಾಖವನ್ನು ಹೀರುವ ಲೋಹಕ್ಕೂ ನಡುವೆ ಅಭ್ರಕದ ತೆಳುಹಾಳೆಯೊಂದನ್ನು ಇಡುವುದನ್ನು ಮರೆತಿದ್ದನು. ಅದು ಬೇಗ ಸರಿಹೋಯಿತು.

ಫರ್ಹಾನರ ಮುಂದಿನ ಯಂತ್ರಗಳಾದ ೨೦೧೬ರ ಬಿಟ್‌ಎಕ್ಸ್ ೪೦, ೨೦೧೭ರ ಕಡೆಯಲ್ಲಿ ಬಂದ ಮೈಕ್ರೋ ಬಿಟ್‌ಎಕ್ಸ್‌ಗಳಲ್ಲಿ ಹಲಗೆಯು ಸಿದ್ಧವಾಗಿಯೇ ಬರುವುದು. ಹೈದರಾಬಾದಿನ ಮಹಿಳೆಯರ ಗುಂಪೊಂದು ಕಾಯಿಲುಗಳನ್ನು ಸುತ್ತಿಕೊಡುತ್ತಿದ್ದಿತು. ಕೊಂಡವನು ಗುಂಡಿಗಳನ್ನೂ ತಂತಿಗಳನ್ನೂ ಜೋಡಿಸಿ ಪೆಟ್ಟಿಗೆಯಲ್ಲಿಟ್ಟರೆ ಸಾಕು. ಇದರಿಂದ ಎಷ್ಟೋ ಮಂದಿಗೆ ಈ ವಿದ್ಯೆಯು ಸುಲಭವಾಯಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಬೇಸಾಯಗಾರನ ಮಗನೂ ಕೊಳ್ಳಬಹುದಾದ ಬೆಲೆಗೆ ಸಿಕ್ಕುವುದು ಸಣ್ಣ ವಿಷಯವಲ್ಲ. ಆದರೆ ಆರು ತುದಿಗಳ ಮುಂದೆ ಮೂರು ದಿನ ಕುಳಿತವನಿಗೆ ಬಂದ ಜ್ಞಾನವು ಸಿದ್ಧಹಲಗೆಯಿಂದ ಬರುವುದೇ ಎಂಬುದು ನನ್ನ ಸಂಶಯ. ಇದು ಮುದುಕರ ಗೊಣಗಾಟವೆಂದು ತಿಳಿಯಬಾರದು. ೨೦೦೪ನೆಯ ಡಿಸೆಂಬರ್ ೨೬ರಂದು ಸಮುದ್ರವು ಉಕ್ಕಿಬಂದಾಗ, ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ ದೈವಯೋಗದಿಂದ ಹವ್ಯಾಸಿಗಳ ತಂಡವೊಂದು ಬೀಡುಬಿಟ್ಟಿದ್ದಿತು. ದೂರವಾಣಿಗಳು ನಿಂತಾಗ ಅವರ ಯಂತ್ರಗಳೇ ಸುದ್ದಿಯನ್ನು ಸಾಗಿಸಿದವು. ಅಂಥ ಸಮಯದಲ್ಲಿ ಯಂತ್ರವು ಕೆಟ್ಟರೆ ಕಾರ್ಖಾನೆಗೆ ಕಳುಹಿಸಲು ಆಗುವುದೇ?

೨೦೦೫ನೆಯ ಮೇ ೫ರಂದು ಶ್ರೀಹರಿಕೋಟೆಯಿಂದ ಮೇಲೇರಿದ ಹ್ಯಾಮ್‌ಸ್ಯಾಟ್ ಉಪಗ್ರಹವನ್ನು ನಮ್ಮ ಬೆಂಗಳೂರಿನಲ್ಲಿಯೇ ಕಟ್ಟಿದರು. ತೂಕ ಸುಮಾರು ೪೨ ಕಿಲೋಗ್ರಾಂ. ಹವ್ಯಾಸಿಗಳ ಮಾತನ್ನು ಹಿಡಿದು ಮರಳಿ ಕಳುಹಿಸುವ ಎರಡು ಯಂತ್ರಗಳು ಅದರಲ್ಲಿದ್ದವು: ಒಂದು ಭಾರತೀಯ ಹವ್ಯಾಸಿಗಳು ರಚಿಸಿದುದು, ಇನ್ನೊಂದು ಹಾಲೆಂಡಿನ ವಿದ್ಯಾರ್ಥಿಯೊಬ್ಬನು ರಚಿಸಿದುದು. ೨೦೧೪ರವರೆಗೆ ಅದು ಸೇವೆ ಸಲ್ಲಿಸಿತು. ಒಂಟಿಕೊಪ್ಪಲಿನ ಕೋಣೆಯಿಂದ ಅಲ್ಲಿಗೆ ಎಪ್ಪತ್ತು ವರ್ಷಗಳ ದಾರಿ.

ನಮ್ಮ ಮನೆಯ ಯಂತ್ರದ ದೋಷಗಳು ಇನ್ನೂ ಮುಗಿದಿಲ್ಲ. ಸುತ್ತಮುತ್ತಲಿನ ಮನೆಗಳ ಎಲ್‌ಇಡಿ ದೀಪಗಳು ಹೊತ್ತಿಕೊಂಡೊಡನೆ ಸ್ಪೀಕರಿನಲ್ಲಿ ಜೀರುಂಡೆಗಳ ಸದ್ದು ಏಳುವುದು. ಆದುದರಿಂದ ಬೆಳಗಿನ ಜಾವವೇ ಪ್ರಶಸ್ತ. ಯಂತ್ರವು ಬಿಸಿಯೇರುತ್ತಿದ್ದಂತೆ ಆ ೪ರ ಕಂಪನವು ತನ್ನ ಸ್ಥಾನದಿಂದ ಮೆಲ್ಲನೆ ಸರಿಯುವುದರಿಂದ, ಮೊದಲ ಅರ್ಧ ಗಂಟೆ ಗುಂಡಿಯ ಮೇಲಿನ ಕೈಯನ್ನು ತೆಗೆಯುವಂತಿಲ್ಲ. ಕಾಯಿಲಿಗೆ ಮೇಣವನ್ನು ಎರೆದು, ಅದರ ಸುತ್ತ ತಗಡಿನ ಗೂಡೊಂದನ್ನು ಕಟ್ಟಿದರೆ ಇದು ಕಡಮೆಯಾಗಬಹುದೆಂದು ಹುಡುಗನು ಹೇಳುತ್ತಾನೆ. ದೇವರಮನೆಯಲ್ಲಿದ್ದ ಮೇಣದ ಬತ್ತಿಗಳೆರಡನ್ನು ಈಗಾಗಲೇ ತೆಗೆದುಕೊಂಡು ಹೋಗಿದ್ದಾನೆ.