ಚಿಕಿತ್ಸಕರ ಮಾತನ್ನು ಬಿಡಿಸಿ ನೋಡಿದವರು: ಎನ್‌ಎಲ್‌ಪಿಯ ಅರ್ಧ ಶತಮಾನ

1970ರ ಮಾರ್ಚಿನಲ್ಲಿ ಗೆಸ್ಟಾಲ್ಟ್ ಚಿಕಿತ್ಸೆಯ ಪ್ರವರ್ತಕ ಫ್ರಿಟ್ಜ್ ಪರ್ಲ್ಸ್ ಷಿಕಾಗೊದಲ್ಲಿ ತೀರಿಕೊಂಡಾಗ ಅವರ ಹಸ್ತಪ್ರತಿ ಅರ್ಧಕ್ಕೆ ನಿಂತಿತ್ತು. ರೋಗಿಗಳೊಡನೆ ಅವರು ಮಾತಾಡುವುದನ್ನು ಸೆರೆಹಿಡಿದಿದ್ದ ಫಿಲ್ಮುಗಳು ಮಾತ್ರ ಸಾಕಷ್ಟು ಉಳಿದಿದ್ದವು. ಅದನ್ನೆಲ್ಲ ಬರಹಕ್ಕಿಳಿಸಿ ಪುಸ್ತಕ ಮಾಡಬೇಕೆಂದು ಹೊರಟ ಪ್ರಕಾಶಕ ರಾಬರ್ಟ್ ಸ್ಪಿಟ್ಜರ್ ಆ ಕೆಲಸಕ್ಕೆ ಹಿಡಿದದ್ದು ಇಪ್ಪತ್ತರ ಆಸುಪಾಸಿನ ಒಬ್ಬ ವಿದ್ಯಾರ್ಥಿಯನ್ನು. ಹೆಸರು ರಿಚರ್ಡ್ ಬ್ಯಾಂಡ್ಲರ್. ಓದುತ್ತಿದ್ದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕ್ಯಾಂಪಸ್ಸಿನಲ್ಲಿ. ಹುಡುಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆ ಜರ್ಮನ್ ಉಚ್ಚಾರಣೆಯ ಇಂಗ್ಲಿಷನ್ನು ಕೇಳುತ್ತ, ಬರೆಯುತ್ತ ಕೂತ. ಕೆಲಸ ಮುಗಿಯುವ ಹೊತ್ತಿಗೆ ಅವನ ಮಾತಿನ ಧಾಟಿ, ಹಾವಭಾವ ಎಲ್ಲ ಪರ್ಲ್ಸ್‌ರದೇ ಆಗಿಬಿಟ್ಟಿತ್ತೆಂದು ಸ್ಪಿಟ್ಜರ್ ಮುಂದೆ ನೆನಪಿಸಿಕೊಂಡಿದ್ದಾರೆ. ಪುಸ್ತಕ 1973ರಲ್ಲಿ ಹೊರಬಂತು. ಅಷ್ಟರಲ್ಲಿ ಬ್ಯಾಂಡ್ಲರ್ ಕ್ಯಾಂಪಸ್ಸಿನಲ್ಲೇ ಗೆಸ್ಟಾಲ್ಟ್ ಗುಂಪುಗಳನ್ನು ನಡೆಸತೊಡಗಿದ್ದ. ಪರ್ಲ್ಸ್‌ರನ್ನು ಕಣ್ಣಾರೆ ಕಾಣದವನು ಅವರಂತೆಯೇ ಗುಂಪು ನಡೆಸುತ್ತಿದ್ದ, ಬಂದವರಿಗೆ ಅದು ನಾಟುತ್ತಲೂ ಇತ್ತು.

ನ್ಯೂರೋ ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್, ಅಂದರೆ ಇವತ್ತಿನ ಎನ್‌ಎಲ್‌ಪಿ, ಹುಟ್ಟಿದ್ದು ಈ ಅನುಕರಣೆಯಿಂದ. ಅದರ ಶಕ್ತಿ, ದೌರ್ಬಲ್ಯ ಎರಡರ ಬೇರೂ ಇಲ್ಲೇ ಇದೆ.

ಬ್ಯಾಂಡ್ಲರ್‌ಗೆ ಜೊತೆಯಾದವರು ಅದೇ ವಿಶ್ವವಿದ್ಯಾಲಯದ ಕ್ರೆಸ್ಗಿ ಕಾಲೇಜಿನಲ್ಲಿ ಭಾಷಾವಿಜ್ಞಾನ ಕಲಿಸುತ್ತಿದ್ದ ಜಾನ್ ಗ್ರಿಂಡರ್. ಫ್ರಾಂಕ್ ಪ್ಯೂಸಿಲಿಕ್ ಎಂಬ ಮೂರನೆಯ ಜೊತೆಗಾರನೂ ಇದ್ದ. ಚರಿತ್ರೆ ಬರೆದವರು ಬಹುಕಾಲ ಅವನನ್ನು ಮರೆತೇಬಿಟ್ಟಿದ್ದರು. ಗ್ರಿಂಡರ್ ನೋಮ್ ಚೋಮ್‌ಸ್ಕಿಯ ರೂಪಾಂತರ ವ್ಯಾಕರಣದಲ್ಲಿ ಪಳಗಿದವರು. ಆಡಿದ ವಾಕ್ಯದ ಹಿಂದೆ ಆಡದೆ ಉಳಿದ ಪೂರ್ಣರೂಪವೊಂದಿರುತ್ತದೆ ಎಂಬುದು ಆ ವ್ಯಾಕರಣದ ಮುಖ್ಯ ಎಳೆ. ನುರಿತ ಚಿಕಿತ್ಸಕನೊಬ್ಬ ರೋಗಿಯ ಮಾತಿನಲ್ಲಿ ಬಿಟ್ಟುಹೋದದ್ದನ್ನೇ ಹುಡುಕಿ ಕೇಳುತ್ತಾನಲ್ಲ, ಅದನ್ನೂ ವ್ಯಾಕರಣದಂತೆ ನಿಯಮಕ್ಕಿಳಿಸಬಹುದಲ್ಲ ಎಂದು ಗ್ರಿಂಡರ್‌ಗೆ ಹೊಳೆಯಿತು. ಅಂಥ ಚಿಕಿತ್ಸಕರ ಒಡನಾಟಕ್ಕೂ ಆ ಪರಿಸರ ಅನುಕೂಲವಾಗಿತ್ತು. ಪರ್ಲ್ಸ್ ಕಾರ್ಯಾಗಾರ ನಡೆಸುತ್ತಿದ್ದ ಎಸಲೆನ್ ಕೇಂದ್ರ ಸಾಂತಾ ಕ್ರೂಜ್‌ನ ಕರಾವಳಿಯಲ್ಲೇ ದಕ್ಷಿಣಕ್ಕಿತ್ತು. ಕೌಟುಂಬಿಕ ಚಿಕಿತ್ಸೆಯ ವರ್ಜೀನಿಯಾ ಸಟೀರ್‌ಗೂ ಸ್ಪಿಟ್ಜರರೇ ಪ್ರಕಾಶಕರು. ಕೆನಡಾದಲ್ಲಿ ಸಟೀರ್ ನಡೆಸಿದ ಶಿಬಿರವನ್ನು ಧ್ವನಿಮುದ್ರಿಸುವ ಕೆಲಸವೂ ಬ್ಯಾಂಡ್ಲರ್ ಪಾಲಿಗೆ ಬಂತು. ಕ್ರೆಸ್ಗಿಯಲ್ಲೇ ಪಾಠ ಮಾಡುತ್ತಿದ್ದ ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್ಸನ್, ಅರಿಜೋನಾದ ಫೀನಿಕ್ಸ್‌ನಲ್ಲಿದ್ದ ಸಮ್ಮೋಹನ ಚಿಕಿತ್ಸಕ ಮಿಲ್ಟನ್ ಎರಿಕ್ಸನ್ ಅವರತ್ತ ಇವರಿಗೆ ದಾರಿ ತೋರಿಸಿದರು. ಇಂಥ ಸಹವಾಸ ಎಲ್ಲರಿಗೂ ಸಿಗುವುದಲ್ಲ.

1975ರಲ್ಲಿ ಬಂದ ‘ದಿ ಸ್ಟ್ರಕ್ಚರ್ ಆಫ್ ಮ್ಯಾಜಿಕ್’ ಮೊದಲ ಸಂಪುಟಕ್ಕೆ ಸಟೀರ್ ಮತ್ತು ಬೇಟ್ಸನ್ ಇಬ್ಬರೂ ಮುನ್ನುಡಿ ಬರೆದರು. ಅದರ ತಿರುಳು ಮೆಟಾ ಮಾಡೆಲ್ ಎಂಬ ಪ್ರಶ್ನಾವಿಧಾನ. ಜನ ತಮ್ಮ ಅನುಭವವನ್ನು ಮಾತಿಗಿಳಿಸುವಾಗ ಕೆಲವನ್ನು ಬಿಡುತ್ತಾರೆ, ಕೆಲವನ್ನು ತಿರುಚುತ್ತಾರೆ, ಒಂದೆರಡು ಘಟನೆಯನ್ನು ಹಿಗ್ಗಿಸಿ ಲೋಕಕ್ಕೆಲ್ಲ ಅನ್ವಯಿಸುತ್ತಾರೆ; ಕೊನೆಗೆ ತಾವೇ ಕಟ್ಟಿಕೊಂಡ ಆ ಮಾತಿನೊಳಗೆ ಸಿಕ್ಕಿಬೀಳುತ್ತಾರೆ ಎಂಬುದು ಅದರ ವಾದ. ನಕಾಶೆಯೇ ನೆಲವಲ್ಲ ಎಂಬ ಆಲ್ಫ್ರೆಡ್ ಕೊರ್ಜಿಬ್‌ಸ್ಕಿಯ ಹಳೆಯ ಮಾತನ್ನು ಇದಕ್ಕೆ ಆಧಾರವಾಗಿ ಹಿಡಿದರು.

ಇದು ಹೇಗೆ ನಡೆಯುತ್ತದೆ ನೋಡಿ. ಬಂದವಳು “ನಮ್ಮ ಮನೇಲಿ ಯಾರಿಗೂ ನಾನು ಲೆಕ್ಕಕ್ಕೇ ಇಲ್ಲ” ಅನ್ನುತ್ತಾಳೆ. ಚಿಕಿತ್ಸಕ ಸಮಾಧಾನ ಹೇಳುವುದಿಲ್ಲ. “ಯಾರಿಗೂ ಅಂದರೆ, ಒಬ್ಬರಿಗೂ?” ಅನ್ನುತ್ತಾನೆ. ಆಕೆ ತುಸು ತಡೆದು “ಅಣ್ಣ ಹಾಗಲ್ಲ. ಅಪ್ಪನಿಗೆ...” ಅನ್ನುತ್ತಾಳೆ. “ಅಪ್ಪನಿಗೆ ನೀವು ಲೆಕ್ಕಕ್ಕಿಲ್ಲ ಅಂತ ನಿಮಗೆ ಗೊತ್ತಾಗೋದು ಹೇಗೆ?” “ಮಾತಾಡ್ಸಲ್ಲ.” “ಯಾವಾಗಿಂದ?” ಮೂರು ಪ್ರಶ್ನೆ ಮುಗಿಯುವಷ್ಟರಲ್ಲಿ ಇಡೀ ಮನೆಯ ಮೇಲಿದ್ದ ದೂರು ಒಬ್ಬ ಅಪ್ಪನ ಒಂದು ಕಾಲದ ಮೌನಕ್ಕೆ ಬಂದು ನಿಲ್ಲುತ್ತದೆ. ಅದರ ಬಗ್ಗೆ ಏನಾದರೂ ಮಾಡಬಹುದು. ಎನ್‌ಎಲ್‌ಪಿಯಲ್ಲಿ ಇವತ್ತಿಗೂ ಉಪಯುಕ್ತವಾಗಿ ಉಳಿದಿರುವುದು ಯಾವುದು ಎಂದು ಕೇಳಿದರೆ ಮೊದಲು ತೋರಿಸಬೇಕಾದದ್ದು ಇದನ್ನೇ.

ಆದರೆ ಹೀಗೆ ಕೇಳುತ್ತಿದ್ದವರು ಇವರಷ್ಟೇ ಅಲ್ಲ. ನ್ಯೂಯಾರ್ಕಿನಲ್ಲಿ ಆಲ್ಬರ್ಟ್ ಎಲ್ಲಿಸ್, ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಇಂಥದೇ ಪ್ರಶ್ನೆಗಳಿಂದ ‘ಎಲ್ಲರೂ’, ‘ಯಾವಾಗಲೂ’ಗಳನ್ನು ಕರಗಿಸುತ್ತಿದ್ದರು. ದಾರಿ ಬೇರೆಯಾದದ್ದು ನಂತರ. 1977ರಲ್ಲಿ ಬೆಕ್ ಮತ್ತು ಸಂಗಡಿಗರು 41 ಮಂದಿ ಖಿನ್ನತೆಯ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಾಗ್ನಿಟಿವ್ ಥೆರಪಿ, ಇನ್ನೊಂದಕ್ಕೆ ಇಮಿಪ್ರಮೀನ್ ಮಾತ್ರೆ ಕೊಟ್ಟು ಹೋಲಿಸಿದ ಅಧ್ಯಯನವನ್ನು ಪ್ರಕಟಿಸಿದರು. ಅದೇ ಹೊತ್ತಿಗೆ ಬ್ಯಾಂಡ್ಲರ್ ಮತ್ತು ಗ್ರಿಂಡರ್ ಶುಲ್ಕ ಪಡೆದು ಕಾರ್ಯಾಗಾರ ನಡೆಸುವ ದಾರಿ ಹಿಡಿದಿದ್ದರು. ಒಂದು ಪದ್ಧತಿ ಆಸ್ಪತ್ರೆಯ ವಿಧಾನವಾಗಿ, ಇನ್ನೊಂದು ವಾರಾಂತ್ಯದ ಕೋರ್ಸಾಗಿ ಬೆಳೆದದ್ದಕ್ಕೆ ಈ ಕವಲೇ ಕಾರಣ.

ಎರಿಕ್ಸನ್ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಹದಿನೇಳರಲ್ಲಿ ಪೋಲಿಯೊ ಬಡಿದು ಹಾಸಿಗೆ ಹಿಡಿದಿದ್ದಾಗ ಮನೆಮಂದಿಯ ಮಾತಿನ ಏರಿಳಿತವನ್ನೂ ಮೈಚಲನೆಯನ್ನೂ ಗಮನಿಸುವುದನ್ನು ರೂಢಿ ಮಾಡಿಕೊಂಡ ಮನುಷ್ಯ ಅವರು. ತಮ್ಮ ಸಮ್ಮೋಹನದ ಮಾದರಿಗಳನ್ನು ಕುರಿತು ಬ್ಯಾಂಡ್ಲರ್, ಗ್ರಿಂಡರ್ ಬರೆದ ಪುಸ್ತಕಕ್ಕೆ ಅವರೇ ಪೀಠಿಕೆ ಬರೆದರು. ತಾನು ವಿವರಿಸುವುದಕ್ಕಿಂತ ಇವರು ಚೆನ್ನಾಗಿ ವಿವರಿಸಿದ್ದಾರೆಂದು ಮೆಚ್ಚಿದರು. ಆದರೆ ತನ್ನ ವಿಧಾನದ ಪೂರ್ಣ ಚಿತ್ರ ಇದಲ್ಲವೆಂದೂ ಸೇರಿಸಿದರು. ಮೆಚ್ಚುಗೆಯ ಭಾಗವನ್ನು ಅನುಯಾಯಿಗಳು ಧಾರಾಳವಾಗಿ ಬಳಸಿಕೊಂಡರು. ಉಳಿದರ್ಧದ ಅರ್ಥ ಎರಿಕ್ಸನ್ ಹೇಳುತ್ತಿದ್ದ ಮಿಲ್ವಾಕಿಯ ಹೆಂಗಸಿನ ಕಥೆಯಲ್ಲಿದೆ. ಅನುಕೂಲಸ್ಥೆ, ದೈವಭಕ್ತೆ, ಗಾಲಿಕುರ್ಚಿಯಲ್ಲಿ ಒಂಟಿಯಾಗಿ ಕಂಗೆಟ್ಟು ಕೂತವಳು. ಎರಿಕ್ಸನ್ ಅವಳ ಮನೆಗೆ ಹೋಗಿ ಕೋಣೆಕೋಣೆ ನೋಡಿದರು. ಒಂದೆಡೆ ಆಫ್ರಿಕನ್ ವಯಲೆಟ್ ಗಿಡಗಳು ಚೆನ್ನಾಗಿ ಬೆಳೆದಿದ್ದವು. ಇನ್ನಷ್ಟು ಗಿಡ ಬೆಳೆಸು, ನಿನ್ನ ಚರ್ಚಿನವರ ಮನೆಯಲ್ಲಿ ಹುಟ್ಟು, ಮದುವೆ, ಸಾವು ಏನಾದರೂ ಒಂದೊಂದು ಕುಂಡ ಕಳಿಸು ಎಂದು ಹೇಳಿ ಬಂದರು. ವರ್ಷಗಳ ಮೇಲೆ ಅವಳು ತೀರಿಕೊಂಡಾಗ ಊರಿಗೆ ಊರೇ ಬಂದು ಸೇರಿತ್ತಂತೆ. ಇಲ್ಲಿ ಸಮ್ಮೋಹನವೂ ಇಲ್ಲ, ವಾಕ್ಯದ ಮಾದರಿಯೂ ಇಲ್ಲ. ಒಬ್ಬಳ ಬದುಕನ್ನು ಹೊಸ್ತಿಲು ದಾಟಿ ಹೋಗಿ ನೋಡಿದ ಕಣ್ಣಿದೆ. ಧ್ವನಿಸುರುಳಿಯಿಂದ ಮಾದರಿ ಹೆಕ್ಕುವವರಿಗೆ ಇದು ಸಿಗುವಂಥದಲ್ಲ.

1979ರ ‘ಫ್ರಾಗ್ಸ್ ಇಂಟು ಪ್ರಿನ್ಸಸ್’ ಕಾರ್ಯಾಗಾರದ ಮಾತುಗಳನ್ನೇ ಪುಸ್ತಕವಾಗಿಸಿತು; ಎನ್‌ಎಲ್‌ಪಿ ಜನಪ್ರಿಯವಾದದ್ದು ಅದರಿಂದ. ಯಾರು ಏನೇ ಸಂಕಟ ಹೇಳಲಿ, ಬಳಸುವ ಪದಗಳಲ್ಲೇ ಅವರ ಮನಸ್ಸಿನ ಮುಖ್ಯ ಇಂದ್ರಿಯ ಗೊತ್ತಾಗುತ್ತದೆ ಎಂಬ ವಾದ ಅದರಲ್ಲಿತ್ತು. ‘ದಾರಿಯೇ ಕಾಣ್ತಿಲ್ಲ’ ಅನ್ನುವವನು ಕಣ್ಣಿನವನು, ‘ಅವರಂದ ಮಾತು ಕಿವಿಯಲ್ಲೇ ಗುಂಯ್‌ಗುಡ್ತಿದೆ’ ಅನ್ನುವವನು ಕಿವಿಯವನು, ‘ಎದೆ ಮೇಲೆ ಕಲ್ಲು ಹೇರಿದ ಹಾಗಿದೆ’ ಅನ್ನುವವನು ಸ್ಪರ್ಶದವನು. ಅವರವರ ಧಾಟಿಯಲ್ಲೇ ಉತ್ತರ ಕೊಟ್ಟರೆ ನಂಟು ಬೆಳೆಯುತ್ತದೆ ಎಂದು. ಕಣ್ಣಾಲಿ ಎತ್ತ ಹೊರಳುತ್ತದೆ ಎಂಬುದರಿಂದಲೂ ಇದನ್ನು ಓದಬಹುದೆಂದರು. ತರಬೇತುದಾರರ ಬಾಯಲ್ಲಿ ಅದು ಸುಳ್ಳು ಹಿಡಿಯುವ ವಿದ್ಯೆಯೂ ಆಯಿತು.

ಬೇಗ ಪರೀಕ್ಷಿಸಬಹುದಾದ ವಾದಗಳಿವು. ಪರೀಕ್ಷೆಯಲ್ಲಿ ಬಿದ್ದದ್ದೂ ಬೇಗ. ಮನಶ್ಶಾಸ್ತ್ರಜ್ಞ ಕ್ರಿಸ್ಟೋಫರ್ ಶಾರ್ಪ್ಲಿ 1984ರಲ್ಲಿ, ಮತ್ತೆ 1987ರಲ್ಲಿ ಲಭ್ಯ ಅಧ್ಯಯನಗಳನ್ನು ಜಾಲಾಡಿದರು. ಎರಡನೆಯ ಬಾರಿ ಸಿಕ್ಕ 44ರಲ್ಲಿ ಮೂಲ ವಾದಕ್ಕೆ ಗಟ್ಟಿ ಬೆಂಬಲ ಸಿಗಲಿಲ್ಲ. ಅಮೆರಿಕದ ಸೇನೆಯ ಕೋರಿಕೆಯಂತೆ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 1988ರಲ್ಲಿ ಕೊಟ್ಟ ವರದಿಯೂ ಅದನ್ನೇ ಹೇಳಿತು. 2012ರಲ್ಲಿ ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಜನರಿಂದ ಬೇಕೆಂದೇ ಸುಳ್ಳನ್ನೂ ನಿಜವನ್ನೂ ಹೇಳಿಸಿ, ವಿಡಿಯೊದಲ್ಲಿ ಕಣ್ಣಿನ ಚಲನೆ ಎಣಿಸಿದರು. ಎರಡಕ್ಕೂ ಸಂಬಂಧ ಕಾಣಲಿಲ್ಲ. ಎನ್‌ಎಲ್‌ಪಿಯ ಕಣ್ಣಿನ ಸೂತ್ರ ಹೇಳಿಕೊಟ್ಟ ವೀಕ್ಷಕರು ಸುಳ್ಳು ಗುರುತಿಸುವುದರಲ್ಲಿ ಉಳಿದವರಿಗಿಂತ ಮೇಲಾಗಲಿಲ್ಲ.

‘ನಮಗೆ ಸಿದ್ಧಾಂತ ಬೇಡ, ಕೆಲಸ ಮಾಡಿದರೆ ಸಾಕು’ ಎಂಬುದು ಸ್ಥಾಪಕರ ಮೊದಲಿನಿಂದಲೂ ಬಂದ ನಿಲುವು. ಕೇಳುವುದಕ್ಕೆ ವಿನಯದಂತಿದೆ. ಆದರೆ ಕೆಲಸ ಮಾಡುತ್ತದೆ ಎಂಬುದೂ ಒಂದು ವಾದವೇ ತಾನೆ. ಅದನ್ನೂ ಅಳೆದು ತೋರಿಸಬೇಕು. ತೋರಿಸುವ ಗೋಜಿಗೆ ಸ್ಥಾಪಕರು ಹೋಗಲಿಲ್ಲ. ವ್ಯಾಪಾರ ಬೆಳೆಯಿತು: 1980ರ ದಶಕದಲ್ಲಿ ಗ್ರಿಂಡರ್ ಬಳಿ ಕಲಿತ ಟೋನಿ ರಾಬಿನ್ಸ್ ಸಭಾಂಗಣಗಳನ್ನು ತುಂಬಿಸಿದರು. 1996ರಲ್ಲಿ ಬ್ಯಾಂಡ್ಲರ್ ಎನ್‌ಎಲ್‌ಪಿಯ ಮಾಲೀಕತ್ವ ತಮ್ಮದೆಂದು ಗ್ರಿಂಡರ್ ಮತ್ತಿತರರ ಮೇಲೆ ಕೋಟಿಗಟ್ಟಲೆ ಡಾಲರ್‌ನ ದಾವೆ ಹೂಡಿ ಸೋತರು. ಕೊನೆಗೆ ಇಬ್ಬರೂ ಸಹಸ್ಥಾಪಕರೆಂದು ಒಪ್ಪಿ ರಾಜಿಯಾದರು. ಹೆಸರು ಯಾರೊಬ್ಬರ ಸ್ವತ್ತೂ ಅಲ್ಲವಾದ್ದರಿಂದ ಯಾರು ಬೇಕಾದರೂ ಸರ್ಟಿಫಿಕೇಟ್ ಕೊಡುವಂತಾಯಿತು.

ಚಿಕಿತ್ಸೆಯ ಕೋಣೆಯೊಳಗೆ ಒಂದು ತಂತ್ರ ಮಾತ್ರ ಬೇರೆಯದೇ ದಾರಿ ಹಿಡಿಯಿತು. ಭಯಪಡುವವನಿಗೆ ಕಣ್ಣುಮುಚ್ಚಿ ಸಿನಿಮಾ ಟಾಕೀಸಿನಲ್ಲಿ ಕೂತಂತೆ ಕಲ್ಪಿಸಿಕೊ ಎನ್ನುತ್ತಾರೆ. ಪರದೆಯ ಮೇಲೆ ಅವನದೇ ಕೆಟ್ಟ ಘಟನೆ, ಆದರೆ ಕಪ್ಪುಬಿಳುಪಿನಲ್ಲಿ, ದೂರದಲ್ಲಿ. ಬೇಕಾದರೆ ಪ್ರೊಜೆಕ್ಟರ್ ಕೋಣೆಗೆ ಹೋಗಿ, ಕುರ್ಚಿಯಲ್ಲಿ ಕೂತು ಸಿನಿಮಾ ನೋಡುತ್ತಿರುವ ತನ್ನನ್ನೇ ನೋಡಬಹುದು. ಘಟನೆ ಮುಗಿದ ಮೇಲೆ ಚಿತ್ರದೊಳಗೆ ಹೊಕ್ಕು ಅದನ್ನು ಬಣ್ಣದಲ್ಲಿ, ಸರ್ರನೆ ಹಿಂದುಮುಂದಾಗಿ ಓಡಿಸಬೇಕು. ಅಮೆರಿಕದ ಫ್ರಾಂಕ್ ಬೂರ್ಕ್ ಮತ್ತಿತರರು ಇದನ್ನು ತಿದ್ದಿ, ಆರ್‌ಟಿಎಂ ಎಂಬ ಹೆಸರಿಟ್ಟು, ಯುದ್ಧದ ಆಘಾತದಿಂದ ನರಳುವ ಮಾಜಿ ಸೈನಿಕರ ಮೇಲೆ ಪ್ರಯೋಗಿಸಿದರು. 2017ರಲ್ಲಿ ಪ್ರಕಟವಾದ, 30 ಮಂದಿಯ ಒಂದು ಅಧ್ಯಯನದಲ್ಲಿ ಗಣನೀಯ ಗುಣ ಕಂಡಿತು. ಗುಂಪು ಚಿಕ್ಕದು, ಹೋಲಿಕೆ ಚಿಕಿತ್ಸೆಗಾಗಿ ಕಾದು ಕೂತವರ ಜೊತೆ, ಅಧ್ಯಯನ ಮಾಡಿದವರಲ್ಲಿ ವಿಧಾನ ರೂಪಿಸಿದವರೂ ಇದ್ದರು. ಹಾಗೆಂದು ತಳ್ಳಿಹಾಕುವಂತೆಯೂ ಇಲ್ಲ. ಆರೋಗ್ಯದ ತೊಂದರೆಗಳಿಗೆ ಎನ್‌ಎಲ್‌ಪಿ ಉಪಯೋಗವೆನ್ನಲು ಆಧಾರ ಅತ್ಯಲ್ಪವೆಂದು 2012ರ ಬ್ರಿಟಿಷ್ ವಿಮರ್ಶೆಯಲ್ಲಿ ಬರೆದ ಜಾಕಿ ಸ್ಟರ್ಟ್ ಅವರೇ ಮುಂದೆ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಆರ್‌ಟಿಎಂ ಅನ್ನು ಈಗಾಗಲೇ ಒಪ್ಪಿತವಾದ ಚಿಕಿತ್ಸೆಯ ಪಕ್ಕದಲ್ಲಿಟ್ಟು ನೋಡುವ ಕೆಲಸದ ಮುಂದಾಳತ್ವ ವಹಿಸಿದರು. ಸಂಶೋಧನೆ ನಡೆಯಬೇಕಾದದ್ದು ಹೀಗೆ.

ಯುರೋಪಿನಲ್ಲಿ ಇನ್ನೊಂದು ಕವಲು. ಆಸ್ಟ್ರಿಯದ 1990ರ ಮನೋಚಿಕಿತ್ಸಾ ಕಾಯ್ದೆ ಕಟ್ಟುನಿಟ್ಟಿನದಾಗಿತ್ತು. ಅಲ್ಲಿನ ಎನ್‌ಎಲ್‌ಪಿಯವರು ವರ್ಷಗಟ್ಟಲೆಯ ತರಬೇತಿ, ಮೇಲ್ವಿಚಾರಣೆಗಳಿಗೆ ತಲೆಬಾಗಿ, ‘ನ್ಯೂರೋ ಲಿಂಗ್ವಿಸ್ಟಿಕ್ ಮನೋಚಿಕಿತ್ಸೆ’ ಎಂಬ ಹೆಸರಿನಲ್ಲಿ 2007ರಲ್ಲಿ ಸರ್ಕಾರದ ಮನ್ನಣೆ ಪಡೆದರು. ಕ್ರೊಯೇಷಿಯದಲ್ಲಿ 106 ಮಂದಿಯ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಾಯುವ ಪಟ್ಟಿಯವರಿಗಿಂತ ಈ ಚಿಕಿತ್ಸೆ ಪಡೆದವರು ಸುಧಾರಿಸಿದ್ದರು. 2015ರ ಮೆಟಾ ಅನಾಲಿಸಿಸ್ ಒಂದು 12 ಅಧ್ಯಯನಗಳನ್ನು ಒಟ್ಟುಗೂಡಿಸಿ ಮಧ್ಯಮ ಪ್ರಮಾಣದ ಪರಿಣಾಮವಿದೆ ಎಂದಿತು. ಅದನ್ನು ಮಾಡಿದವರಲ್ಲಿ ಈ ಪದ್ಧತಿಯವರೇ ಇದ್ದರೆಂಬುದನ್ನೂ ಜೊತೆಗೇ ಹೇಳಬೇಕು. ನುರಿತ ಚಿಕಿತ್ಸಕನ ಎದುರು ತಿಂಗಳುಗಟ್ಟಲೆ ಕೂತು ಮಾತಾಡಿದರೆ ಬಹಳಷ್ಟು ಮಂದಿ ಸುಧಾರಿಸುತ್ತಾರೆ. ಅದರಲ್ಲಿ ಎನ್‌ಎಲ್‌ಪಿಯ ಪಾಲೆಷ್ಟು ಎಂಬುದನ್ನು ಈ ಅಂಕಿಗಳು ಬಿಡಿಸಿ ಹೇಳುವುದಿಲ್ಲ.

ಬೆಂಗಳೂರಿನಲ್ಲೂ ಕೆಲವೇ ದಿನಗಳ ಎನ್‌ಎಲ್‌ಪಿ ಕೋರ್ಸುಗಳು ನಡೆಯುತ್ತಿವೆ. ‘ಪ್ರಾಕ್ಟಿಷನರ್’, ‘ಮಾಸ್ಟರ್ ಪ್ರಾಕ್ಟಿಷನರ್’ ಎಂಬ ಪದವಿಗಳು ಸಿಗುತ್ತವೆ. ಸಭೆಯಲ್ಲಿ ಮಾತಾಡುವ ಅಳುಕು ಕಳೆಯಲು, ಒಂದು ಅಭ್ಯಾಸ ಬಿಡಿಸಲು ಇಂಥಲ್ಲಿ ಕಲಿತದ್ದು ನೆರವಾದರೆ ಆಗಲಿ. ಖಿನ್ನತೆ, ತೀವ್ರ ಆತಂಕ, ಸಾಯುವ ಯೋಚನೆಗಳ ವಿಷಯ ಬೇರೆ. ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಒಪ್ಪುವುದು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ವಿದ್ಯಾರ್ಹತೆ ಉಳ್ಳವರನ್ನು. ಎನ್‌ಎಲ್‌ಪಿ ಸರ್ಟಿಫಿಕೇಟ್ ಆ ಅರ್ಹತೆಯಲ್ಲ. ಥೆರಪಿಗೆ ಹೋಗುವವರು ಶುಲ್ಕ ಕೇಳುವ ಮೊದಲು ನೋಂದಣಿ ಸಂಖ್ಯೆ ಕೇಳಬೇಕು. ಯಾರಲ್ಲಿಗೆ ಹೋಗಬೇಕೆಂದು ತಿಳಿಯದವರಿಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.