ಅಗ್ಗದ ಕಂಪ್ಯೂಟರಿನ ಕಥೆ ಮತ್ತು ಕಾಕಾನ 35 ಸಾವಿರ

ಮೊನ್ನೆ ಭಾನುವಾರ ಅಣ್ಣಿಗೇರಿಯಿಂದ ಕಾಕಾ ಫೋನ್ ಮಾಡಿದ್ದರು. "ತಮ್ಮಾ, ನಿನ್ನ ತಂಗಿಗೆ ವಿದ್ಯಾನಗರದಾಗ ಇಂಜಿನಿಯರಿಂಗ್ ಸೀಟ್ ಸಿಕ್ಕೈತಿ. ಲ್ಯಾಪ್‌ಟಾಪ್ ಬೇಕಂತಾಳ. ಕಡ್ಲಿ ಮಾರಿದ ರೊಕ್ಕದಾಗ 35 ಸಾವಿರ ತೆಗದಿಟ್ಟೀನಿ. ಅದರಾಗ ಚೊಲೋದೊಂದು ನೋಡಪಾ" ಅಂದರು.

"ಆತು ಕಾಕಾ" ಅಂದೆನೇನೋ ಸರಿ, ಆದರೆ ಎದೆಯಲ್ಲಿ ಅಳುಕು. ಇದೇ ವಿಷಯದಲ್ಲಿ ನಾನೊಮ್ಮೆ ಅಪ್ಪನ ದುಡ್ಡು ಹಾಳು ಮಾಡಿದವನು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಸ್ವಲ್ಪ ಇತಿಹಾಸ.

ವಿದ್ಯಾನಗರ ಗೊತ್ತಲ್ಲ, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ರಸ್ತೆಯಲ್ಲಿ ಸಾಲು ಸಾಲು ಕಾಲೇಜುಗಳಿರುವ ಬಡಾವಣೆ. 1947ರಲ್ಲಿ ಶುರುವಾದ ಬಿವಿಬಿ ಕಾಲೇಜು ಇಲ್ಲೇ ಇದೆ. ಸುಧಾ ಮೂರ್ತಿಯವರು ಓದಿದ್ದು ಅಲ್ಲೇ. 2015ರಲ್ಲಿ ಅದು ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆಯ ರೈತರ ಮಕ್ಕಳೂ ಓದೋಕೆ ಬರುವ ಜಾಗ ಇದು. ಇಂಥವರ ಕೈಗೆಟುಕುವ ಕಂಪ್ಯೂಟರ್ ಮಾಡಬೇಕು ಅನ್ನೋ ಆಸೆ ನಮ್ಮ ರಾಜ್ಯದಲ್ಲಿ ತುಂಬಾ ಹಳೆಯದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮುಂತಾದವರು ಸೇರಿ 2001ರಲ್ಲಿ 'ಸಿಂಪ್ಯೂಟರ್' ತೋರಿಸಿದರು. ಅಂಗೈಯಲ್ಲಿ ಹಿಡಿಯುವ ಯಂತ್ರ, ಒಳಗೆ ಲಿನಕ್ಸ್. ಗುರಿ ಸುಮಾರು 9 ಸಾವಿರ ರೂಪಾಯಿ. ಒಂದೇ ಯಂತ್ರವನ್ನು ಹಳ್ಳಿಯ ಹಲವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಬಳಸಬಹುದಿತ್ತು. ಓದು ಬಾರದವರಿಗೆ ನಮ್ಮ ಭಾಷೆಗಳಲ್ಲೇ ಓದಿ ಹೇಳುವ ಯೋಜನೆಯೂ ಇತ್ತು. 2004ರಲ್ಲಿ 'ಅಮಿಡಾ ಸಿಂಪ್ಯೂಟರ್' ಮಾರುಕಟ್ಟೆಗೆ ಬಂತು. ಕೈಯಲ್ಲಿ ಅಲುಗಿಸಿದರೆ ಪುಟ ಬದಲಾಗುವ ಸೌಲಭ್ಯ ಅದರಲ್ಲಿತ್ತು, ಐಫೋನ್ ಬರೋದಕ್ಕೆ ಮೂರು ವರ್ಷ ಮೊದಲೇ! ಆದರೆ ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಊರೂರಿಗೆ ಬರತೊಡಗಿತ್ತು.

ಆಮೇಲೆ ಅಮೆರಿಕದ ನಿಕೊಲಸ್ ನೆಗ್ರೊಪಾಂಟೆ 2005ರಲ್ಲಿ 100 ಡಾಲರ್ ಲ್ಯಾಪ್‌ಟಾಪ್ ಅಂದರು. 2006ರಲ್ಲಿ ನಮ್ಮ ಕೇಂದ್ರ ಸರ್ಕಾರ ಬೇಡ ಅಂತು. 2007ರಲ್ಲಿ ಅದು ನಿಜವಾಗಿ ತಯಾರಾದಾಗ ಬೆಲೆ 200 ಡಾಲರ್ ಹತ್ತಿರ ಹೋಗಿತ್ತು. ಮುಂದೆ 2011ರ ಅಕ್ಟೋಬರ್‌ನಲ್ಲಿ ಕಪಿಲ್ ಸಿಬಲ್ 'ಆಕಾಶ್' ಟ್ಯಾಬ್ಲೆಟ್ ಬಿಡುಗಡೆ ಮಾಡಿದರು. 256 ಎಂಬಿ ರ್‍ಯಾಮ್, 366 ಮೆಗಾಹರ್ಟ್ಸ್ ಪ್ರೊಸೆಸರ್, ಒತ್ತಿ ಒತ್ತಿ ಬಳಸಬೇಕಾದ ಪರದೆ. ಅದೂ ಹೆಚ್ಚು ದಿನ ನಡೆಯಲಿಲ್ಲ.

ಈ ಮೂರರ ಹಿಂದೆ ಇದ್ದವರ ಮನಸ್ಸು ಒಳ್ಳೆಯದೇ. ಆದರೆ ಮೂರರಲ್ಲೂ ಮೊದಲು ಬೆಲೆ ನಿಂತಿತು, ಆಮೇಲೆ ಆ ಬೆಲೆಗೆ ತಕ್ಕಂತೆ ಯಂತ್ರ ಕತ್ತರಿಸಿದರು. ನಾನು ನೋಡಿದ ಹಾಗೆ ನಮ್ಮ ಕಡೆ ಬಡವರ ಮನೆಗೆ ಕಂಪ್ಯೂಟರ್ ಬಂದದ್ದು ಬೇರೆ ದಾರಿಯಲ್ಲಿ. ಬಿಡಿಭಾಗ ತಂದು ಅಸೆಂಬಲ್ ಮಾಡಿದ ಪಿಸಿ, ಆಫೀಸಿನವರು ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್... ಎಲ್ಲರೂ ಕೊಳ್ಳುವ ಮಾಮೂಲಿ ಯಂತ್ರಗಳು. ಕೆಟ್ಟರೆ ಬಿಚ್ಚಬಹುದು, ರ್‍ಯಾಮ್ ಸೇರಿಸಬಹುದು.

ಇದು ನನಗೆ ತಡವಾಗಿ ತಿಳೀತು. 2016ರಲ್ಲಿ ನಾನು ಕಾಲೇಜು ಸೇರಿದಾಗ ಅಪ್ಪ ಕೊಟ್ಟ 17 ಸಾವಿರಕ್ಕೆ ಹೊಸ ಲ್ಯಾಪ್‌ಟಾಪ್ ತಂದೆ. ತೆಳ್ಳಗೆ, ಹಗುರ, ಥಳಥಳ. ಆದರೆ 2 ಜಿಬಿ ರ್‍ಯಾಮ್, 32 ಜಿಬಿ ಸ್ಟೋರೇಜ್, ಎರಡನ್ನೂ ಬೋರ್ಡಿಗೇ ಬೆಸೆದಿದ್ದರು. ವಿಂಡೋಸ್ ಅಪ್‌ಡೇಟ್‌ಗೇ ಜಾಗ ಸಾಲದಾಯಿತು. 2019ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೇಕಾದ ಕನಿಷ್ಠ ಸ್ಟೋರೇಜನ್ನೇ 32 ಜಿಬಿಗೆ ಏರಿಸಿತು ನೋಡಿ! ಅಷ್ಟರಲ್ಲಿ ನನ್ನದು ಟ್ರಂಕ್ ಸೇರಿ ಎರಡು ವರ್ಷವಾಗಿತ್ತು. ರಾತ್ರಿ ಗೆಳೆಯರು ಮಲಗಿದ ಮೇಲೆ ಅವರ ಲ್ಯಾಪ್‌ಟಾಪಿನಲ್ಲಿ ಅಸೈನ್‌ಮೆಂಟ್ ಮಾಡುತ್ತಿದ್ದೆ. ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

ಅದಕ್ಕೇ ಕಾಕಾಗೆ ಹೀಗೆ ಹೇಳಿದೆ. ಯಾವ ಬ್ರಾಂಚ್ ಅಂತ ಮೊದಲು ಹೇಳಿ. ಮೆಕ್ಯಾನಿಕಲ್, ಸಿವಿಲ್ ಆದರೆ ಡ್ರಾಯಿಂಗ್ ಸಾಫ್ಟ್‌ವೇರಿಗೆ ಗ್ರಾಫಿಕ್ಸ್ ಸ್ವಲ್ಪ ಚೆನ್ನಾಗಿರಬೇಕು. 8 ಜಿಬಿ ರ್‍ಯಾಮ್ ಇದ್ದು ಇನ್ನೊಂದು ಸ್ಲಾಟ್ ಖಾಲಿ ಇರಲಿ. ಬದಲಿಸಬಹುದಾದ ಎಸ್ಎಸ್‌ಡಿ ಇರಲಿ. ಹೊಸದರಲ್ಲಿ ಇದು ಸಿಗದಿದ್ದರೆ ಆಫೀಸಿನಲ್ಲಿ ಬಳಸಿದ ಗಟ್ಟಿ ಲ್ಯಾಪ್‌ಟಾಪ್ ನೋಡೋಣ, ವಾರಂಟಿ ಕೊಡುವವರ ಹತ್ತಿರ ಮಾತ್ರ. ಆದರೆ ಅದು ವಿಂಡೋಸ್ 11 ನಡೆಸಬೇಕು. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 3 ಸಾವಿರ ಎತ್ತಿಡಿ, ಮುಂದೆ ಬ್ಯಾಟರಿಗೆ ಬೇಕಾಗುತ್ತದೆ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಲ್ಲೋ, ಮಗಳಿಗೆ ಮೊದಲ್ನೇ ಸಲ ಕೊಡಸಾಕತ್ತೀನಿ. ಹಳೇದು ಕೊಡಸೂದೇನು?"

"ಕಾಕಾ, ನಿಮ್ಮ ಟ್ರ್ಯಾಕ್ಟರ್ ಹೊಸಾದು ತಂದಿದ್ರೇನು?"

ಜೋರಾಗಿ ನಕ್ಕರು. "ಹನ್ನೆರಡು ವರ್ಷ ಆತು ನೋಡು, ಇನ್ನೂ ಓಡತೈತಿ. ಆದ್ರ ತರೂ ಮುಂದ ಮೇಸ್ತ್ರಿನ್ನ ಕರಕೊಂಡು ಹೋಗಿದ್ನೆಪಾ."

ಬರುವ ಶನಿವಾರ ನಾನೇ ಮೇಸ್ತ್ರಿ. ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡಿದ್ದೇನೆ, ಹುಬ್ಬಳ್ಳಿಗೆ ಹೊರಟೆ.